ಬೇಸ್ ಬಿಡಿ, ದನಿ ಕೇಳಿ

ನಮಸ್ಕಾರ. ಇವತ್ತು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಕಂಪ್ಯೂಟರ್ ಮುಂದೆ ಕೂತು ಹಾಡು ಕೇಳುವುದಕ್ಕೆ ಸ್ಪೀಕರ್ ಬೇಕು ಅಂದರೆ, ಮೇಜಿನ ಮೇಲೆ ಎರಡು ಪುಟ್ಟ ಡಬ್ಬಿ, ಕೆಳಗೆ ಒಂದು ದೊಡ್ಡ ಸಬ್‌ವೂಫರ್ (ಬೇಸ್, ಅಂದರೆ ಕೆಳಗಿನ ದಪ್ಪ ಸದ್ದಿಗೆಂದೇ ಇರುವ ಡಬ್ಬಿ) ಬರುವ ಆ 2.1 ಸೆಟ್ ತಗೋಬೇಡಿ. ಅದೇ ದುಡ್ಡಿಗೆ ಎರಡೇ ಎರಡು ಒಳ್ಳೆಯ ಸ್ಪೀಕರ್ ತಗೊಳ್ಳಿ. ಅವನ್ನು ಸರಿಯಾದ ಜಾಗದಲ್ಲಿ ಇಡಿ. ಇಷ್ಟೇ ನನ್ನ ಮಾತು. ಇನ್ನು ಮುಂದೆ ಹೇಳುವುದೆಲ್ಲ ಯಾಕೆ, ಹೇಗೆ ಅನ್ನುವುದು.

ನಾನು ಹೇಳುತ್ತಿರುವುದು ಹಾಡು ಕೇಳುವವರಿಗೆ. ಗೇಮ್ ಆಡುವವರಿಗೆ, ಸಿನಿಮಾದಲ್ಲಿ ಬಾಂಬು ಸಿಡಿದರೆ ನೆಲ ನಡುಗಬೇಕು ಅನ್ನುವವರಿಗೆ ಸಬ್‌ವೂಫರ್ ಬೇಕಾಗಬಹುದು, ಅದು ಬೇರೆ ಲೆಕ್ಕ. ಆದರೆ ನಮ್ಮಲ್ಲಿ ಜಾಸ್ತಿ ಜನ ಕೂತು ಕೇಳುವುದು ಏನು ಹೇಳಿ? ಭಾವಗೀತೆ, ಹಳೆಯ ಸಿನಿಮಾ ಹಾಡು, ದಾಸರ ಪದ, ವಚನ, ಹಿಂದೂಸ್ತಾನಿ, ಕರ್ನಾಟಕ ಸಂಗೀತ. ಇವೆಲ್ಲದರಲ್ಲೂ ಮುಂದೆ ನಿಲ್ಲುವುದು ಒಬ್ಬರ ದನಿ. ದನಿ ಕೆಟ್ಟರೆ ಹಾಡೇ ಕೆಟ್ಟಿತು. ಹಾಗಾಗಿ ಸ್ಪೀಕರ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಮನುಷ್ಯರ ದನಿ ಇದರಲ್ಲಿ ಮನುಷ್ಯರ ದನಿಯ ಹಾಗೇ ಕೇಳಿಸುತ್ತದಾ?

2.1 ಸೆಟ್‌ನಲ್ಲಿ ಯಾಕೆ ಹಾಗೆ ಕೇಳಿಸುವುದಿಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಂಡಸರು ಮಾತಾಡುವಾಗ ದನಿಯ ಬುಡ ಸುಮಾರು 85ರಿಂದ 180 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಡಿಮೆಯಾದಷ್ಟೂ ಸ್ವರ ಕೆಳಗೆ) ಒಳಗೆ ಇರುತ್ತದೆ. ಹೆಂಗಸರದ್ದು ಸುಮಾರು 165ರಿಂದ 255. ಹಾಡುವಾಗ ಇದಕ್ಕಿಂತ ತುಂಬಾ ಮೇಲೆ ಹೋಗುತ್ತಾರೆ, ನಿಜ. ಆದರೆ ಮಂದ್ರಕ್ಕೆ ಇಳಿದಾಗ ಇಲ್ಲಿಗೇ ಬರುತ್ತಾರೆ. ಈಗ ಕಡಿಮೆ ಬೆಲೆಯ 2.1 ಸೆಟ್ ನೋಡಿ. ಮೇಜಿನ ಮೇಲಿಡುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡೂವರೆ ಇಂಚೋ ಮೂರು ಇಂಚೋ ಇರುವ ಒಂದೇ ಕೋನ್, ಅಂದರೆ ಅದುರಿ ಸದ್ದು ಮಾಡುವ ಭಾಗ. ಅದರ ಕೈಯಲ್ಲಿ 150, 200 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಗಟ್ಟಿಯಾಗಿ ನುಡಿಸಲು ಆಗುವುದಿಲ್ಲ. ಹಾಗಾಗಿ ಅದಕ್ಕಿಂತ ಕೆಳಗಿನದ್ದೆಲ್ಲ ಸಬ್‌ವೂಫರ್ ಪಾಲು. ಅಂದರೆ ಏನಾಯಿತು? ಹಾಡುವವರ ಗಂಟಲು ಮೇಜಿನ ಮೇಲೆ, ಎದೆ ಮೇಜಿನ ಕೆಳಗೆ, ನಿಮ್ಮ ಕಾಲ ಹತ್ತಿರ.

ಇದು ಕಿವಿಗೆ ಗೊತ್ತಾಗುತ್ತದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಗುರುತಿಸುವುದು ನಮಗೆ ಕಷ್ಟ, ಅದಕ್ಕೇ ಒಳ್ಳೆಯ ಹೋಮ್ ಥಿಯೇಟರ್‌ಗಳಲ್ಲಿ ಸಬ್‌ವೂಫರ್‌ಗೆ ಸಾಮಾನ್ಯವಾಗಿ ಆ 80ರಲ್ಲೇ ಗಡಿ ಹಾಕುತ್ತಾರೆ. 200ರ ಹತ್ತಿರ ಬಂದರೆ ಕಿವಿ ದಿಕ್ಕನ್ನು ಸುಲಭವಾಗಿ ಹಿಡಿಯುತ್ತದೆ. ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆ ಯಾವುದಾದರೂ ಒಂದನ್ನು ಅಂಥ ಸೆಟ್‌ನಲ್ಲಿ ಹಾಕಿ ನೋಡಿ. ಆ ದನಿಗೆ ಒಂದು ತೂಕ ಇದೆ, ಆ ತೂಕಕ್ಕೇ ಜನ ಮಾರುಹೋಗಿದ್ದು. ಅವರು ಕೆಳಗಿನ ಸ್ವರದ ಮೇಲೆ ನಿಂತಾಗ ಅದು ಎರಡು ತುಂಡಾಗಿ ಬರುತ್ತದೆ. ಮುಂದೆ ಮೂಗಿನಲ್ಲಿ ಹಾಡಿದಂಥ ಸಣ್ಣ ದನಿ, ಕೆಳಗಿನಿಂದ ಗುಂಯ್ ಅನ್ನುವ ಗಾಳಿ. ಹುಬ್ಬಳ್ಳಿ, ಧಾರವಾಡದ ಕಡೆಯವರು ಆ ದನಿಯನ್ನು ಕಚೇರಿಯಲ್ಲೇ ಕೇಳಿದ್ದರೆ ಈ ಸದ್ದು ಕೇಳಿ ಎದ್ದುಹೋಗುತ್ತಾರೆ.

ತಬಲದ ಕಥೆ ಇನ್ನೂ ಬೇಜಾರು. ಡಗ್ಗದ, ಅಂದರೆ ತಬಲ ಜೋಡಿಯ ದಪ್ಪ ಸದ್ದಿನ ವಾದ್ಯದ, ಮೇಲೆ ಅಂಗೈ ಒತ್ತಿ ಸರಿಸಿದರೆ ಸ್ವರ ಕೆಳಗಿನಿಂದ ಮೇಲಕ್ಕೆ ಜಾರುತ್ತದಲ್ಲ, ಗುಮ್ಕಿ ಅನ್ನುತ್ತೇವಲ್ಲ, ಅದರ ರುಚಿಯೆಲ್ಲ ಆ ಜಾರಿಕೆಯಲ್ಲೇ ಇದೆ. ಅಗ್ಗದ ಸಬ್‌ವೂಫರ್ ಡಬ್ಬಿಗೆ ಒಂದು ತೂತು ಇರುತ್ತದೆ, ಆ ಡಬ್ಬಿ ಮತ್ತು ತೂತು ಸೇರಿ ಒಂದು ಸ್ವರಕ್ಕೆ ಶ್ರುತಿಯಾಗಿರುತ್ತವೆ. ಆ ಒಂದು ಸ್ವರ ಬಂದಾಗ ಜೋರಾಗಿ ಗುಡುಗುತ್ತದೆ, ಅದರ ಅಕ್ಕಪಕ್ಕದ ಸ್ವರಗಳು ಬಂದರೂ ಅದೇ ಗುಡುಗು. ಗುಮ್ಕಿಯ ಜಾರಿಕೆ ಹೋಗಿ ಎಲ್ಲ ಪೆಟ್ಟೂ ಒಂದೇ ಥರ 'ಧಂ' ಅನ್ನುತ್ತದೆ. ಮೃದಂಗದ ಎಡಗೈ ಕೆಲಸಕ್ಕೂ ಇದೇ ಗತಿ. ಇದನ್ನೇ ನಾವು 'ಬೇಸ್ ಚೆನ್ನಾಗಿದೆ' ಅನ್ನುತ್ತಿದ್ದೇವೆ, ಸ್ವಾಮಿ. ಬೇಸ್ ಅಂದರೆ ಸದ್ದಿನ ಗಾತ್ರ ಅಲ್ಲ, ಕೆಳಗಿನ ಸ್ವರವೂ ಸ್ವರವಾಗಿ ಕೇಳಬೇಕು.

ಹಾಗಾದರೆ ಎರಡೇ ಸ್ಪೀಕರ್ ಇಟ್ಟರೆ ಕೆಳಗಿನದ್ದು ಪೂರ್ತಿ ಹೋಗಿಬಿಡುತ್ತದೆ ಅಲ್ವಾ ಅಂತ ಕೇಳಬಹುದು. ಸ್ವಲ್ಪ ಹೋಗುತ್ತದೆ. ಆದರೆ ನೀವು ಅಂದುಕೊಂಡಷ್ಟು ಇಲ್ಲ. ತಂಬೂರಿಯನ್ನೇ ತಗೊಳ್ಳಿ. ಹಿಂದೂಸ್ತಾನಿ ಗಾಯಕರಲ್ಲಿ ಹಲವು ಗಂಡಸರು ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ, ಶ್ರುತಿ ಇಟ್ಟುಕೊಳ್ಳುತ್ತಾರೆ. ಆ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ಖರಜದ ತಂತಿ ಅದರ ಅರ್ಧ, ಸುಮಾರು 69. ನಾಲ್ಕು ಇಂಚಿನ ವೂಫರ್ (ಸ್ಪೀಕರ್‌ನಲ್ಲಿ ಕೆಳಗಿನ ಸ್ವರ ನುಡಿಸುವ ಕೋನ್) ಅಷ್ಟು ಕೆಳಗೆ ಬರುವ ಹೊತ್ತಿಗೆ ಸೋತಿರುತ್ತದೆ. ಆದರೂ ತಂಬೂರಿ ತುಂಬಿಕೊಂಡೇ ಕೇಳುತ್ತದೆ, ಯಾಕೆಂದರೆ ಆ ತಂತಿ 69 ಒಂದನ್ನೇ ನುಡಿಯುವುದಿಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಸ್ವರಗಳನ್ನೂ ಜೊತೆಗೇ ನುಡಿಯುತ್ತದೆ. ತಂತಿ ಹಾದುಹೋಗುವ ಸೇತುವೆಗೆ ಕುದುರೆ ಅನ್ನುತ್ತೇವಲ್ಲ, ಅದರ ಮೇಲೆ ದಾರ ಸರಿಸಿ ಜವಾರಿ, ಅಂದರೆ ಆ ಝೇಂಕಾರ, ಹಿಡಿಯುವುದೇ ಆ ಮೇಲಿನ ಸ್ವರಗಳು ಅರಳಲಿ ಅಂತ. ಮೇಲಿನವು ಸರಿಯಾಗಿ ಬಂದರೆ ಸಾಕು, ಕೆಳಗಿನದ್ದನ್ನು ನಮ್ಮ ಕಿವಿ ಮತ್ತು ಮಿದುಳು ತಾವೇ ತುಂಬಿಕೊಳ್ಳುತ್ತವೆ. ಸಣ್ಣ ರೇಡಿಯೋದಲ್ಲೂ ನಾವು ದಪ್ಪ ದನಿಯವರ ವಾರ್ತೆ ಕೇಳಿ ಇವರು ದಪ್ಪ ದನಿಯವರು ಅಂತ ಗುರುತಿಸುತ್ತಿದ್ದುದು ಹೀಗೇ. ಅಂದರೆ ಇಲ್ಲದ ಬೇಸ್ ಅನ್ನು ಕಿವಿ ಕ್ಷಮಿಸುತ್ತದೆ. ಕೆಟ್ಟ ಬೇಸ್ ಅನ್ನು ಕ್ಷಮಿಸುವುದಿಲ್ಲ.

ಇಷ್ಟಾದರೂ 2.1 ಯಾಕೆ ಅಷ್ಟು ಮಾರಾಟವಾಗುತ್ತದೆ? ಅಂಗಡಿಯಲ್ಲಿ ಅದೇ ಗೆಲ್ಲುತ್ತದೆ, ಅದಕ್ಕೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ನಿಂತುಕೊಳ್ಳಿ. ಹೊರಗೆ ಆಟೋ ಹಾರ್ನ್, ಒಳಗೆ ಹತ್ತು ಜನರ ಮಾತು. ಆ ಗದ್ದಲದಲ್ಲಿ ಹಾಡಿನ ನವಿರು ಯಾವುದೂ ಕೇಳುವುದಿಲ್ಲ, ಗುಡುಗು ಮಾತ್ರ ಎದೆಗೆ ತಾಗುತ್ತದೆ. ಅಂಗಡಿಯವರೂ ಬೇಸ್ ತಿರುಪನ್ನು ಪೂರ್ತಿ ತಿರುಗಿಸಿ ಒಂದು ಡಿಜೆ ಹಾಡು ಹಾಕುತ್ತಾರೆ. ಇನ್ನೊಂದು ವಿಷಯ ತಿಳಿದಿರಲಿ. ಎರಡು ಸ್ಪೀಕರ್ ಒಂದಾದ ಮೇಲೊಂದು ಕೇಳಿದರೆ, ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಇದು ಕಿವಿಯ ಸ್ವಭಾವ. ಹಾಗಾಗಿ ನಿಮ್ಮ ಹಾಡನ್ನು ಫೋನಿನಲ್ಲಿ ಇಳಿಸಿಕೊಂಡು ಹೋಗಿ. ಬೇಸ್, ಟ್ರೆಬಲ್ ಎರಡನ್ನೂ ನಡುವಿಗೆ ತರಿಸಿ. ಎರಡೂ ಸ್ಪೀಕರ್ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ವಾಲ್ಯೂಮ್ ಹೊಂದಿಸಿ, ಆಮೇಲೆ ಹೋಲಿಸಿ. ಕೇಳಲು ನಾಚಿಕೆ ಬೇಡ, ದುಡ್ಡು ನಿಮ್ಮದು.

ಡಬ್ಬಿ ಮೇಲೆ ಬರೆದ ವ್ಯಾಟ್ ನೋಡಿ ಮರುಳಾಗಬೇಡಿ. ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ ಅಂತ ತಿಳಿಯಿರಿ. ಆರ್‌ಎಂಎಸ್ ವ್ಯಾಟ್, ಅಂದರೆ ಸ್ಪೀಕರ್ ಸತತವಾಗಿ ಕೊಡಬಲ್ಲದ್ದು, ಎಷ್ಟು ಅಂತ ನೋಡಿ, ಅದನ್ನೂ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. ನೀವು ಕೂರುವುದು ಸ್ಪೀಕರ್‌ನಿಂದ ಎರಡೂವರೆ ಅಡಿ ದೂರದಲ್ಲಿ. ಸಾಧಾರಣ ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಆಸುಪಾಸು ಕೊಡುತ್ತದೆ. ಒಂದೇ ವ್ಯಾಟ್! ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮಿತಿ ಅನ್ನುತ್ತದೆ, ಮಕ್ಕಳಿಗೆ 75. ಮೇಜಿನ ಮೇಲೆ 20 ವ್ಯಾಟ್‌ನ ಎರಡು ಸ್ಪೀಕರ್ ಇದ್ದರೆ ಮಿಕ್ಕು ಉಳಿಯುತ್ತದೆ.

ಈಗ ಜಾಗದ ವಿಷಯ. ನನ್ನ ಕೇಳಿದರೆ ಸ್ಪೀಕರ್‌ಗಿಂತ ಇದೇ ದೊಡ್ಡದು, ಇದಕ್ಕೆ ಕಾಸೂ ಖರ್ಚಿಲ್ಲ. ನಮ್ಮ ಮನೆಗಳಲ್ಲಿ ಸ್ಪೀಕರ್ ಎಲ್ಲಿರುತ್ತದೆ? ಒಂದು ಮಾನಿಟರ್ ಹಿಂದೆ, ಇನ್ನೊಂದು ಗೋಡೆ ಮೂಲೆಯಲ್ಲಿ ಪೆನ್ ಸ್ಟ್ಯಾಂಡ್ ಪಕ್ಕ, ಎರಡೂ ಹೊಟ್ಟೆಯ ಕಡೆ ಮುಖ ಮಾಡಿಕೊಂಡು. ಸದ್ದು ನೇರವಾಗಿ ಕಿವಿಗೆ ಬರುವ ಬದಲು ಮೇಜಿಗೆ ಬಡಿದು ಬರುತ್ತದೆ. ನೇರವಾಗಿ ಬಂದದ್ದು, ಬಡಿದು ಒಂಚೂರು ತಡವಾಗಿ ಬಂದದ್ದು ಎರಡೂ ಕಿವಿಯಲ್ಲಿ ಸೇರಿದಾಗ ಕೆಲವು ಸ್ವರ ಕರಗುತ್ತವೆ, ಕೆಲವು ಉಬ್ಬುತ್ತವೆ. ಅದರ ಜೊತೆ ಮೇಜಿನ ಹಲಗೆ 150 ಹರ್ಟ್ಜ್ ಸುತ್ತಮುತ್ತಲನ್ನು ದಪ್ಪ ಮಾಡುತ್ತದೆ. ಇದು ಎಷ್ಟು ಸಾಮಾನ್ಯ ಅಂದರೆ, ಸ್ಟುಡಿಯೋಗಳಿಗೆ ಸ್ಪೀಕರ್ ಮಾಡುವ ಫಿನ್‌ಲ್ಯಾಂಡಿನ ಜೆನೆಲೆಕ್ ಕಂಪನಿ ತನ್ನ ಕೆಲವು ಸಣ್ಣ ಸ್ಪೀಕರ್‌ಗಳ ಹಿಂದೆ ಇದಕ್ಕೇ ಒಂದು ಸ್ವಿಚ್ ಇಟ್ಟಿದೆ, ಒತ್ತಿದರೆ 160 ಹರ್ಟ್ಜ್ ಹತ್ತಿರ 4 ಡೆಸಿಬಲ್ ಇಳಿಸುತ್ತದೆ. ಅಷ್ಟು ದುಬಾರಿ ಸ್ಪೀಕರ್‌ಗೇ ಮೇಜಿನ ಕಾಟ ತಪ್ಪಿಲ್ಲ ಅಂದಮೇಲೆ ನಮ್ಮದಕ್ಕೆ ತಪ್ಪುತ್ತದಾ?

ಏನು ಮಾಡಬೇಕು ಅಂದರೆ, ಸ್ಪೀಕರ್ ಎತ್ತರಿಸಿ. ಮನೆಯಲ್ಲಿ ಊಟಕ್ಕೆ ಕೂರುವ ಹಳೆಯ ಮಣೆ ಇದ್ದರೆ ಅದರ ಮೇಲೆ ಇಡಿ, ಇಲ್ಲವೇ ದಪ್ಪ ಪುಸ್ತಕಗಳ ಮೇಲೆ. ಟ್ವೀಟರ್, ಅಂದರೆ ಮೇಲಿರುವ ಸಣ್ಣ ಗುಂಡಿಯಂಥದ್ದು, ಕಿವಿಯ ಮಟ್ಟಕ್ಕೆ ಬರಬೇಕು. ಅಷ್ಟು ಎತ್ತರ ಆಗದಿದ್ದರೆ ಮುಂದಿನ ಅಂಚಿಗೆ ರಬ್ಬರ್ ತುಂಡು ಕೊಟ್ಟು ಮೇಲಕ್ಕೆ ವಾಲಿಸಿ. ಎರಡು ಸ್ಪೀಕರ್ ನಡುವಿನ ದೂರ ಎಷ್ಟೋ, ಪ್ರತಿಯೊಂದರಿಂದ ನಿಮ್ಮ ತಲೆಗೂ ಅಷ್ಟೇ ದೂರ ಇರಲಿ. ಎರಡನ್ನೂ ಸ್ವಲ್ಪ ಒಳಮುಖ ಮಾಡಿ. ಮಾನಿಟರ್‌ನ ಗಾಜಿಗಿಂತ ಹಿಂದೆ ಇರುವುದು ಬೇಡ, ಅದರ ಸಾಲಿಗೋ ಒಂದಿಂಚು ಮುಂದಕ್ಕೋ ತನ್ನಿ. ಗೋಡೆಯಿಂದ ಒಂದು ಗೇಣಾದರೂ ಬಿಡಿ, ಮೂಲೆಯಂತೂ ಬೇಡವೇ ಬೇಡ, ಯಾಕೆಂದರೆ ಗೋಡೆ ಕೆಳಗಿನ ಸದ್ದನ್ನು ಹೆಚ್ಚಿಸುತ್ತದೆ, ಮೂಲೆ ಇನ್ನೂ ಹೆಚ್ಚಿಸುತ್ತದೆ. ಮೇಜು ಗೋಡೆಗೆ ಅಂಟಿಕೊಂಡೇ ಇರಬೇಕು ಅನ್ನುವ ಸಣ್ಣ ರೂಮಾದರೆ ಬೇಸ್ ತಿರುಪನ್ನು ನಡುವಿನಿಂದ ಸ್ವಲ್ಪ ಕೆಳಗೆ ಇಳಿಸಿ, ಗಾಳಿ ತೂತು ಹಿಂದಿರುವ ಸ್ಪೀಕರ್‌ಗಿಂತ ಮುಂದಿರುವುದನ್ನು ಆರಿಸಿ.

ಮೈಸೂರಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಇದನ್ನು ಮಾಡಿ ನೋಡಿದೆವು. ಸ್ಪೀಕರ್ ಅವನ ಹಳೆಯದೇ. ಹಾಕಿದ್ದು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೇಜಿನ ಮೇಲೆ ಹಾಗೇ ಇದ್ದಾಗ ಮೀಟಿದ ಸದ್ದು ದಪ್ಪವಾಗಿ ಬಂದು ಅಲ್ಲೇ ನಿಲ್ಲುತ್ತಿತ್ತು. ಮೀಟಿದ ಮೇಲೆ ತಂತಿ ಎಳೆದು ತೋರಿಸುವ ಗಮಕ ಆ ದಪ್ಪದ ಹಿಂದೆ ಮಸುಕು. ಎರಡು ಮಣೆ ಕೊಟ್ಟು ಎತ್ತರಿಸಿ, ಒಳಮುಖ ಮಾಡಿದ ಮೇಲೆ ಮೀಟಿನ ಮೊನೆ ಬೇರೆ, ಎಳೆತ ಬೇರೆ, ಪಕ್ಕದ ತಾಳದ ತಂತಿ ಬೇರೆ ಅಂತ ಬಿಡಿಬಿಡಿಯಾಗಿ ಕೇಳಿತು. ಸ್ವರ ಸಣ್ಣದಾಗುತ್ತಾ ಹೋಗಿ ಮುಂದಿನ ಮೀಟು ಬರುವವರೆಗೂ ಅದನ್ನು ಹಿಂಬಾಲಿಸಬಹುದಿತ್ತು. ವೀಣೆ ಕೇಳುವುದು ಅಂದರೆ ಅದೇ ಅಲ್ವಾ?

ಜಾಗ ಸರಿಯಾಯಿತಾ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಹಳೆಯ ಮೊನೊ ಧ್ವನಿಮುದ್ರಿಕೆ ಹಾಕಿ. 1950, 60ರ ದಶಕದ ಸಿನಿಮಾ ಹಾಡುಗಳು, ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಬಂದವು, ಹೆಚ್ಚುಕಡಿಮೆ ಎಲ್ಲ ಮೊನೊ. ಮೊನೊ ಅಂದರೆ ಎರಡೂ ಸ್ಪೀಕರ್‌ನಲ್ಲಿ ಬರುವುದು ಒಂದೇ ಸದ್ದು. ಕಣ್ಣು ಮುಚ್ಚಿ ಕೇಳಿ. ಎರಡು ಸ್ಪೀಕರ್ ಮರೆತುಹೋಗಿ, ಮನ್ಸೂರರು ಸರಿಯಾಗಿ ಮಾನಿಟರ್ ಇರುವ ಕಡೆ, ನಿಮ್ಮ ಎದುರಿಗೇ ಕೂತು ಹಾಡಿದ ಹಾಗೆ ಕೇಳಿಸಬೇಕು. ದನಿ ಒಂದು ಕಡೆ ವಾಲಿದರೆ ಒಂದು ಸ್ಪೀಕರ್ ಹತ್ತಿರ ಇದೆ, ಸರಿಸಿ. ದನಿ ಎಲ್ಲೂ ನಿಲ್ಲದೆ ತಲೆಯ ಸುತ್ತ ಹರಡಿ, ಬೇಸ್ ತೆಳ್ಳಗಾಗಿದ್ದರೆ ಒಂದು ಸ್ಪೀಕರ್‌ನ ಕೆಂಪು, ಕಪ್ಪು ವೈರ್ ಅದಲುಬದಲಾಗಿರುತ್ತದೆ. ಮೊನೊ ಆದರೇನಂತೆ, ಆ ಒಂದು ದನಿ ಎದುರಿಗೆ ಗಟ್ಟಿಯಾಗಿ ನಿಂತಾಗ ಸಿಗುವ ಖುಷಿ ಈಗಿನ ಎಷ್ಟೋ ಸ್ಟೀರಿಯೋ ಹಾಡಿನಲ್ಲೂ ಸಿಗುವುದಿಲ್ಲ.

ಯಾವುದು ತಗೊಳ್ಳಲಿ ಅಂತ ಕೇಳುತ್ತೀರಿ, ಹೇಳುತ್ತೇನೆ, ಬೆಲೆ ಮಾತ್ರ ಏರುತ್ತಾ ಇಳಿಯುತ್ತಾ ಇರುತ್ತದೆ. ಕೈಯಲ್ಲಿ ಎರಡು ಮೂರು ಸಾವಿರ ಇದ್ದು, ಮೇಜೂ ಚಿಕ್ಕದಾದರೆ ಕ್ರಿಯೇಟಿವ್ ಪೆಬಲ್. ಯುಎಸ್‌ಬಿಯಿಂದಲೇ ಕರೆಂಟು, ಎರಡು ಇಂಚಿನ ಕೋನ್, ದೊಡ್ಡ ಸದ್ದು ಬರುವುದಿಲ್ಲ, ಕೆಳಗಿನ ಸ್ವರ ತೀರಾ ಕಡಿಮೆ. ಆದರೆ ಕೋನ್‌ಗಳನ್ನು 45 ಡಿಗ್ರಿ ಮೇಲಕ್ಕೆ ಮುಖ ಮಾಡಿ ಕೂರಿಸಿದ್ದಾರೆ, ಸದ್ದು ನೇರ ಕಿವಿಗೆ ಬರುತ್ತದೆ. ಮೇಲೆ ಹೇಳಿದ ಮೇಜಿನ ಕಾಟಕ್ಕೆ ಅಷ್ಟು ಬೆಲೆಯಲ್ಲೇ ಒಂದು ಉತ್ತರ ಕಂಡುಕೊಂಡಿದ್ದಾರೆ. ಅದೇ ಬೆಲೆಯ ದೀಪ ಮಿನುಗುವ 2.1ಕ್ಕಿಂತ ಇದರಲ್ಲಿ ದನಿ ಎಷ್ಟೋ ನಿಜವಾಗಿದೆ.

ಹತ್ತು ಸಾವಿರದ ಆಸುಪಾಸು ಕೂಡಿಸಬಲ್ಲಿರಾದರೆ ಕಣ್ಣು ಮುಚ್ಚಿ ಅಲ್ಲಿಗೆ ಹೋಗಿ. ಎಡಿಫೈಯರ್ ಆರ್1280ಟಿ ಇದೆ. ಎಂಡಿಎಫ್ ಮರದ ಡಬ್ಬಿ, ನಾಲ್ಕು ಇಂಚಿನ ವೂಫರ್, ಮೇಲೆ ಬೇರೆ ಟ್ವೀಟರ್, ಎರಡೂ ಸ್ಪೀಕರ್ ಸೇರಿ 42 ವ್ಯಾಟ್ ಆರ್‌ಎಂಎಸ್. ಆಂಪ್ಲಿಫೈಯರ್ ಒಳಗೇ ಇದೆ, ಲ್ಯಾಪ್‌ಟಾಪ್‌ನಿಂದ ಒಂದು ವೈರ್ ಚುಚ್ಚಿದರೆ ಸಾಕು. ಅದೇ ಕಂಪನಿಯ ಎಂಆರ್4 ಇನ್ನೂ ನೇರ, ಯಾವುದನ್ನೂ ಉಬ್ಬಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ನನ್ನ ಮತ ಇದಕ್ಕೇ, ಹಾಡುಗಾರಿಕೆ ಕೇಳುವವರಿಗಂತೂ ಇದೇ. ಹಳೆಯ ಸಿನಿಮಾ ಹಾಡು ಜಾಸ್ತಿ ಕೇಳುವವರಿಗೆ ಆರ್1280ಟಿಯ ಮೆತ್ತನೆಯ ಸದ್ದು ಹಿತವಾಗುತ್ತದೆ, ಹಳೆಯ ರೆಕಾರ್ಡಿನ ಒರಟು ಅಷ್ಟು ಚುಚ್ಚುವುದಿಲ್ಲ. ಇನ್ನೂ ಮೇಲೆ ಹೋದರೆ ಜೆಬಿಎಲ್ 305ಪಿ ಥರದ ಐದು ಇಂಚಿನ ಸ್ಟುಡಿಯೋ ಮಾನಿಟರ್‌ಗಳಿವೆ (ಇಲ್ಲಿ ಮಾನಿಟರ್ ಅಂದರೆ ಪರದೆ ಅಲ್ಲ, ಸ್ಟುಡಿಯೋದಲ್ಲಿ ಬಳಸುವ ಸ್ಪೀಕರ್). ಸ್ಪೀಕರ್ ಸೊಗಸು, ಆದರೆ ಎರಡು ಅಡಿಯ ಮೇಜಿಗೆ ದೊಡ್ಡದಾಯಿತು, ವೈರೂ ಬೇರೆ ಥರದ್ದು ಬೇಕು. ಸ್ಟುಡಿಯೋ ಮಾನಿಟರ್‌ಗಳಲ್ಲಿ ಕೆಲವು ಹಾಡಿಲ್ಲದಾಗಲೂ ಸಣ್ಣಗೆ 'ಸ್ಸ್' ಅನ್ನುತ್ತಿರುತ್ತವೆ. ದೂರದಲ್ಲಿ ಕೂತರೆ ಕೇಳಿಸದು, ರಾತ್ರಿ ಹೊತ್ತು ಎರಡಡಿಯಲ್ಲಿ ಕೂತವರಿಗೆ ಕೇಳಿಸುತ್ತದೆ.

ಹೊಸ ಸ್ಪೀಕರ್ ತಂದು ಹಚ್ಚಿದ ಕೂಡಲೇ 'ಹುಂ' ಅಂತ ಗುನುಗಿದರೆ ಗಾಬರಿ ಬೇಡ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ಸ್ಪೀಕರ್ ತಪ್ಪಲ್ಲ, ಅರ್ತಿಂಗ್ ಸಮಸ್ಯೆ. ನಮ್ಮ ಮನೆಯ ಕರೆಂಟು 50 ಹರ್ಟ್ಜ್, ಅದೂ ಅದರ ಎರಡರಷ್ಟು 100 ಹರ್ಟ್ಜೂ ವೈರ್ ಮೂಲಕ ಸ್ಪೀಕರ್‌ಗೆ ನುಸುಳುತ್ತವೆ. ಮೊದಲು ಸ್ಪೀಕರ್, ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಪುಟ್ಟ ಸಾಮಾನು ಸಿಗುತ್ತದೆ, ವೈರ್ ನಡುವೆ ಸಿಕ್ಕಿಸಿ. ಮೂರು ಪಿನ್‌ನಲ್ಲಿ ಅರ್ತ್ ಪಿನ್ ಮುರಿದು ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ. ಮೌಸ್ ಆಡಿಸಿದಾಗ ಕಿರಿಕಿರಿ ಸದ್ದು ಬಂದರೆ ಅದು ಲ್ಯಾಪ್‌ಟಾಪ್‌ನ ಒಳಗಿನ ಗಲಾಟೆ, ಒಂದು ಸಣ್ಣ ಯುಎಸ್‌ಬಿ ಡ್ಯಾಕ್ (ಲ್ಯಾಪ್‌ಟಾಪ್‌ನ ಹೊರಗೆ ಕೂತು ಸ್ಪೀಕರ್‌ಗೆ ಸದ್ದು ಕೊಡುವ ಪುಟ್ಟ ಸಾಧನ) ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ.

ಕಂಪ್ಯೂಟರ್ ಪಕ್ಕದಲ್ಲೇ ಇದ್ದರೂ ಬ್ಲೂಟೂತ್‌ನಲ್ಲಿ ಹಾಡು ಕಳಿಸುವವರಿದ್ದಾರೆ. ಯಾಕೆ ಸುಮ್ನೆ? ಎರಡಡಿ ವೈರ್ ಸಾಕು, ಸದ್ದು ಹಿಂಡಿಕೊಂಡು ಹೋಗುವುದಿಲ್ಲ, ವಿಡಿಯೋದಲ್ಲಿ ತುಟಿ ಒಂದು ಕಡೆ ದನಿ ಒಂದು ಕಡೆ ಆಗುವುದಿಲ್ಲ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್‌ಮೆಂಟ್ ಅಂತ ಇರುವುದನ್ನೆಲ್ಲ ಆಫ್ ಮಾಡಿ. ಮತ್ತೆ, ಸ್ಪೀಕರ್ ಒಳ್ಳೆಯದಾದಷ್ಟೂ ಹಾಡಿನ ಪ್ರತಿ ಕೆಟ್ಟದಾಗಿದ್ದರೆ ಅದೂ ಗೊತ್ತಾಗುತ್ತದೆ. ಒಂದೇ ಹಾಡನ್ನು ಯೂಟ್ಯೂಬ್‌ನಲ್ಲಿ ಐದಾರು ಜನ ಹಾಕಿರುತ್ತಾರೆ, ಅದರಲ್ಲಿ ಕೆಲವು ಸವೆದ ಕ್ಯಾಸೆಟ್‌ನಿಂದ ತೆಗೆದದ್ದು, ಒಂದೊಂದರ ವೇಗವೂ ಹೆಚ್ಚುಕಮ್ಮಿ ಆಗಿ ಶ್ರುತಿಯೇ ಏರಿರುತ್ತದೆ. ಎಲ್ಲವನ್ನೂ ಒಮ್ಮೆ ಕೇಳಿ ಚೆನ್ನಾಗಿರುವುದನ್ನು ಗುರುತು ಹಾಕಿಕೊಳ್ಳಿ. ಸಿ.ಡಿ. ಇದ್ದರೆ ಇನ್ನೂ ವಾಸಿ.

ಕೊನೆಯದಾಗಿ, ಹೊಸದು ಕೊಳ್ಳುವ ಮೊದಲು ಅಟ್ಟ ಹತ್ತಿ ನೋಡಿ. 90ರ ದಶಕದ ಸ್ಟೀರಿಯೋ ಸಿಸ್ಟಮ್ ಕೆಟ್ಟು ಕೂತಿದ್ದರೂ ಅದರ ಮರದ ಸ್ಪೀಕರ್‌ಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ಅವಕ್ಕೆ ಒಂದು ಪುಟ್ಟ ಕ್ಲಾಸ್-ಡಿ ಆಂಪ್ಲಿಫೈಯರ್ ತಂದು ಜೋಡಿಸಿದರೆ ಈಗಿನ ಅಗ್ಗದ ಸೆಟ್‌ಗಳನ್ನು ಮೀರಿಸುತ್ತವೆ. ಹಿಂದೆ ಬರೆದಿರುವ ಓಮ್ ಸಂಖ್ಯೆ ನೋಡಿ, ಅದಕ್ಕೆ ಹೊಂದುವ ಆಂಪ್ಲಿಫೈಯರ್ ತನ್ನಿ. ಮುಂದಿನ ಜಾಲರಿ ತೆಗೆದು ಕೋನ್‌ನ ಸುತ್ತ ಇರುವ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ರಬ್ಬರ್ ಆಗಿದ್ದರೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಫೋಮ್ ಆಗಿದ್ದು ಬೆರಳಿಗೆ ಪುಡಿ ಪುಡಿಯಾಗಿ ಅಂಟಿದರೆ ಅಂಚು ಸತ್ತಿದೆ, ಹಾಗೇ ನುಡಿಸಿದರೆ ಗರಗರ ಅನ್ನುತ್ತದೆ. ಬಿಸಾಡಬೇಡಿ. ಸ್ಪೀಕರ್ ರಿಪೇರಿ ಮಾಡುವವರು ಸಿಕ್ಕರೆ ಆ ಅಂಚು ಮಾತ್ರ ಹೊಸದು ಹಾಕಿಕೊಡುತ್ತಾರೆ, ಕೋನ್ ಹಳೆಯದೇ ಉಳಿಯುತ್ತದೆ.